ಕೊನೆಗಾರ ಯಾವತ್ತು ಯಾರ ತೋಟಕ್ಕೆ: ಮನೆಯಲ್ಲೇ ಇಟ್ಟು ನಡೆಸುವ ಹಂಚಿಕೆ ಕ್ಯಾಲೆಂಡರ್

ಅಡಿಕೆ ಕೊಯ್ಲು ಶುರುವಾಯಿತೆಂದರೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನ ದಿನಚರಿ ಮಂತ್ರಿಗಳ ದಿನಚರಿಗಿಂತ ಬಿಗಿ. ನರಸಿಂಹರಾಜಪುರದ ಸುತ್ತ ಯಾವ ಹಳ್ಳಿಗೆ ಹೋದರೂ ಲೆಕ್ಕ ಹೆಚ್ಚು ಕಡಿಮೆ ಒಂದೇ. ಕೊನೆಗಾರ ಒಬ್ಬ, ತೋಟ ಹತ್ತು. ಸುಲಿಯುವ ಮಷಿನ್ ಒಂದು, ಅದಕ್ಕೆ ಕಾಯುವ ಅಂಗಳ ಹತ್ತು. ಮೊದಲೆಲ್ಲ ಇದು ಬಾಯಿಮಾತಿನಲ್ಲೇ ನಡೆಯುತ್ತಿತ್ತು, ಆಮೇಲೆ ವಾಟ್ಸಾಪ್ ಗುಂಪು ಬಂತು. "ಶುಕ್ರವಾರ ನಮ್ಮಲ್ಲಿಗೆ" ಎಂದು ಒಬ್ಬರು ಹಾಕಿದ ಸಂದೇಶ ಎರಡು ತಾಸಿನಲ್ಲಿ ಶುಭೋದಯದ ಚಿತ್ರ, ಅಡಿಕೆ ಧಾರಣೆ, ಆನೆ ಬಂದ ವಿಡಿಯೋಗಳ ಅಡಿ ಹೂತುಹೋಗುತ್ತದೆ. ಶುಕ್ರವಾರ ಬೆಳಿಗ್ಗೆ ಎರಡು ಮನೆಯವರು ಒಬ್ಬನೇ ಕೊನೆಗಾರನ ದಾರಿ ಕಾಯುತ್ತಾರೆ.

ಎಲ್ಲರ ಮೊಬೈಲಿನಲ್ಲೂ ಒಂದೇ ಕ್ಯಾಲೆಂಡರ್ ಕಾಣಿಸಿದರೆ ಈ ರಗಳೆ ಅರ್ಧ ಕಡಿಮೆಯಾಗುತ್ತದೆ. ಅದನ್ನು ಯಾವುದೋ ದೂರದ ಕಂಪನಿಯ ಖಾತೆಯಲ್ಲಿಡದೆ ನಮ್ಮದೇ ಯಂತ್ರದಲ್ಲಿ ನಡೆಸುವ ತಂತ್ರಾಂಶಗಳು ಬೇಕಾದಷ್ಟಿವೆ, ಹೆಚ್ಚಿನವು ಉಚಿತ. ಅವುಗಳ ಹೊಸ ಬಳಕೆದಾರನಾಗಿ ನನಗೆ ಹಿಡಿಸಿದ್ದು, ಹಿಡಿಸದಿದ್ದು, ಇನ್ನೊಬ್ಬರು ಕೈ ಹಾಕುವ ಮೊದಲು ತಿಳಿದಿರಬೇಕಾದ್ದು ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ನಾಲ್ಕು ಜನರಿಗೆ ಮಾತ್ರ ಬೇಕಿದ್ದರೆ ಗೂಗಲ್ ಕ್ಯಾಲೆಂಡರ್ ಸಾಕು. ಸ್ವಂತ ಸರ್ವರ್ ಎನ್ನುವುದು ಹಟಕ್ಕೆ ಮಾಡುವ ಕೆಲಸವಲ್ಲ. ಆದರೆ ಸಂಘ, ಸೊಸೈಟಿ, ಯಂತ್ರ ಹಂಚಿಕೊಳ್ಳುವ ಗುಂಪು, ಭಜನಾ ಮಂಡಳಿ ಇಂಥವುಗಳ ಕಥೆ ಬೇರೆ. ಅಲ್ಲಿ ಕ್ಯಾಲೆಂಡರ್ ಸಾಮಾನ್ಯವಾಗಿ ಕಾರ್ಯದರ್ಶಿಯ ಸ್ವಂತ ಜಿಮೇಲ್ ಖಾತೆಯಲ್ಲಿ ಹುಟ್ಟುತ್ತದೆ. ಮಹಾಸಭೆಯಲ್ಲಿ ಕಾರ್ಯದರ್ಶಿ ಬದಲಾದರೆ ಕ್ಯಾಲೆಂಡರೂ ಅವರ ಜೊತೆ ಮನೆಗೆ ಹೋಗುತ್ತದೆ. ಅವರು ಫೋನ್ ಕಳೆದುಕೊಂಡು, ಪಾಸ್‌ವರ್ಡ್ ಮರೆತರೆ ಮೂರು ವರ್ಷದ ದಾಖಲೆ ಹೋದ ಹಾಗೆ. ಸಂಘದ ಲೆಕ್ಕಪುಸ್ತಕ ಸಂಘದ ಬೀರುವಿನಲ್ಲಿರಬೇಕು ಎನ್ನುವವರು, ದಿನಚರಿಯೂ ಅಲ್ಲೇ ಇರಲಿ ಎಂದರೆ ಅದು ಅತಿಯಾಸೆಯಲ್ಲ.

ದೊಡ್ಡವರೂ ಇದೇ ಲೆಕ್ಕ ಹಾಕುತ್ತಿದ್ದಾರೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ತನ್ನ 40,000ಕ್ಕೂ ಹೆಚ್ಚು ಅಂಚೆ (ಇಮೇಲ್) ಖಾತೆಗಳನ್ನು, ಕ್ಯಾಲೆಂಡರ್ ಸಮೇತ, ಮೈಕ್ರೋಸಾಫ್ಟ್ ವ್ಯವಸ್ಥೆಯಿಂದ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್ ಎಂಬ ಮುಕ್ತ ತಂತ್ರಾಂಶಗಳಿಗೆ ಸಾಗಿಸುವ ಕೆಲಸವನ್ನು 2025ರಲ್ಲಿ ಮುಗಿಸಿತು. ನಮ್ಮಲ್ಲೇ, ತುಮಕೂರು ಬಳಿಯ ದೇವರಾಯನದುರ್ಗದ ಹಳ್ಳಿಗಳಲ್ಲಿ ಜನಸ್ತು ತಂಡದವರು ಸಮುದಾಯದ ಒಡೆತನದ ವೈಫೈ ಜಾಲ ಕಟ್ಟಿ, ಹೊರಗಿನ ಇಂಟರ್‌ನೆಟ್ ಇಲ್ಲದಾಗಲೂ ಊರೊಳಗಿನ ಸರ್ವರ್ ಊರವರಿಗೆ ಸಿಗುವ ಹಾಗೆ ಪ್ರಯೋಗ ಮಾಡಿದ್ದಾರೆ. ನಮಗೆ ಈ ಎರಡರಲ್ಲಿ ಹತ್ತಿರದ್ದು ಯಾವುದೆಂದು ಹೇಳಬೇಕಾಗಿಲ್ಲ.

ಇಡೀ ಕಚೇರಿಯೋ, ಒಂದು ಕ್ಯಾಲೆಂಡರೋ?

ಅಂಚೆ, ಕ್ಯಾಲೆಂಡರ್, ವಿಳಾಸಪುಸ್ತಕ, ಕಡತ, ಹರಟೆ ಎಲ್ಲವನ್ನೂ ಒಂದೇ ಮಾಡಿನಡಿ ತರುವ ತಂತ್ರಾಂಶಕ್ಕೆ ಗ್ರೂಪ್‌ವೇರ್ ಎನ್ನುತ್ತಾರೆ. ನೆಕ್ಸ್ಟ್‌ಕ್ಲೌಡ್, ಸೋಗೋ, ಇಗ್ರೂಪ್‌ವೇರ್, ಹೋರ್ಡ್, ಕೊಲಾಬ್, ಜಿಂಬ್ರಾ ಹೀಗೆ ಹೆಸರುಗಳ ಸಾಲು ಉದ್ದವಿದೆ. ಹೊಸಬರು ಇವುಗಳ ಹೋಲಿಕೆ ಪಟ್ಟಿ ಓದುತ್ತಲೇ ಸುಸ್ತಾಗುತ್ತಾರೆ. ಒಂದು ಸಂಗತಿ ಗೊತ್ತಿದ್ದರೆ ಅಷ್ಟು ತಲೆಬಿಸಿ ಬೇಕಿಲ್ಲ: ಇವೆಲ್ಲ ಒಳಗೆ ಆಡುವುದು ಒಂದೇ ಭಾಷೆ. ಕಾರ್ಯಕ್ರಮವೊಂದನ್ನು ಹೇಗೆ ಬರೆದಿಡಬೇಕು ಎಂಬ ಐಕ್ಯಾಲೆಂಡರ್ ಮಾನದಂಡ 1998ರಲ್ಲಿ ಬಂತು, 2009ರಲ್ಲಿ ಪರಿಷ್ಕಾರವಾಯಿತು. ಅದನ್ನು ಸರ್ವರಿಗೂ ಮೊಬೈಲಿಗೂ ನಡುವೆ ಸಾಗಿಸುವ ಕ್ಯಾಲ್‌ಡಾವ್ 2007ರದ್ದು. ಆದ್ದರಿಂದ ಇವತ್ತು ಒಂದು ತಂತ್ರಾಂಶ ಆರಿಸಿ, ನಾಳೆ ಬೇಡವೆನಿಸಿದರೆ ಎಲ್ಲ ದಾಖಲೆಯನ್ನೂ ಒಂದು ಐಸಿಎಸ್ ಕಡತವಾಗಿ ಇಳಿಸಿಕೊಂಡು ಇನ್ನೊಂದಕ್ಕೆ ಹೋಗಬಹುದು. ಈ ಬಾಗಿಲು ತೆರೆದಿರುವ ತಂತ್ರಾಂಶವನ್ನೇ ಆರಿಸಿ. ಉಳಿದದ್ದು ರುಚಿಯ ವಿಷಯ.

ನನ್ನ ಮಟ್ಟಿಗೆ ನಿಜವಾದ ಆಯ್ಕೆ ಇರುವುದು ಎರಡರ ನಡುವೆ.

ಒಂದು ರಾಡಿಕೇಲ್. ಪೈಥಾನ್‌ನಲ್ಲಿ ಬರೆದ ಪುಟ್ಟ ಸರ್ವರ್, ಕ್ಯಾಲೆಂಡರ್ ಮತ್ತು ವಿಳಾಸಪುಸ್ತಕ ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಡೇಟಾಬೇಸ್ ಬೇಡ. ಪ್ರತಿ ಕಾರ್ಯಕ್ರಮವೂ ಒಂದು ಸಾದಾ ಕಡತವಾಗಿ ಫೋಲ್ಡರಿನಲ್ಲಿ ಕೂರುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಬ್ಯಾಕಪ್ ಮುಗಿಯಿತು. ಯಾವ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ತೊಂದರೆ ಏನೆಂದರೆ, ಯಾರು ಓದಬಹುದು, ಯಾರು ತಿದ್ದಬಹುದು ಎನ್ನುವುದನ್ನು ಒಂದು ಕಡತದಲ್ಲಿ ಕೈಯಾರೆ ಬರೆಯಬೇಕು. ಪರದೆಯ ಮೇಲೆ ಗುಂಡಿ ಒತ್ತಿ ಹಂಚುವ ಸುಖ ಅಷ್ಟಾಗಿ ಇಲ್ಲ.

ಇನ್ನೊಂದು ನೆಕ್ಸ್ಟ್‌ಕ್ಲೌಡ್. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದು ಬಂದದ್ದು. ಕಡತ, ಫೋಟೋ, ಕ್ಯಾಲೆಂಡರ್, ಕೆಲಸದ ಪಟ್ಟಿ, ವಿಡಿಯೋ ಕರೆ ಎಲ್ಲ ಇದೆ. ಕ್ಯಾಲೆಂಡರ್ ಪಕ್ಕದ ಹಂಚಿಕೆ ಗುರುತು ಒತ್ತಿ ಹೆಸರು ಹಾಕಿದರೆ ಆಯಿತು. ಮೊದಲಿಗೆ ಓದಲು ಮಾತ್ರ ಅನುಮತಿ, ತಿದ್ದಲು ಬೇಕಾದರೆ ಇನ್ನೊಂದು ಗುರುತು ಹಾಕಬೇಕು. ನೋಡಲು ಚೆಂದ, ಹೊಸಬರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಇದಕ್ಕೆ ಪಿಎಚ್‌ಪಿ, ಡೇಟಾಬೇಸ್, ವೆಬ್ ಸರ್ವರ್ ಎಲ್ಲ ಬೇಕು. ವರ್ಷಕ್ಕೆ ಹಲವು ದೊಡ್ಡ ಆವೃತ್ತಿಗಳು ಬರುತ್ತವೆ, ಒಂದೊಂದಕ್ಕೂ ಸುಮಾರು ಒಂದು ವರ್ಷವಷ್ಟೇ ಭದ್ರತಾ ಬೆಂಬಲ. ನಡುವಿನ ಆವೃತ್ತಿಯನ್ನು ಹಾರಿ ಮೇಲಿನದಕ್ಕೆ ಹೋಗುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮಳೆಗಾಲವಿಡೀ ಮುಟ್ಟದೆ ಬಿಟ್ಟು, ದೀಪಾವಳಿಗೆ ನೆನಪಾಗಿ ಕೂತರೆ ಅರ್ಧ ದಿನದ ಕೆಲಸ.

ನನ್ನ ತೀರ್ಪು: ಕ್ಯಾಲೆಂಡರ್ ಮಾತ್ರ ಬೇಕೆಂದರೆ ರಾಡಿಕೇಲ್. ಸಂಘದ ಫೋಟೋ, ಠರಾವು, ರಸೀದಿಗಳನ್ನೂ ಒಂದೆಡೆ ಇಡುವ ಉದ್ದೇಶವಿದ್ದು, ಅದನ್ನು ನೋಡಿಕೊಳ್ಳಲು ಆಸಕ್ತಿಯಿರುವ ಹುಡುಗನೋ ಹುಡುಗಿಯೋ ಊರಲ್ಲೇ ಉಳಿದಿದ್ದರೆ ನೆಕ್ಸ್ಟ್‌ಕ್ಲೌಡ್. ಅಂಚೆಯ ಸರ್ವರನ್ನು ಮಾತ್ರ ಸ್ವಂತವಾಗಿ ನಡೆಸಲು ಹೋಗಲೇಬೇಡಿ. ಎಸ್‌ಪಿಎಫ್, ಡಿಕೆಐಎಂ, ರಿವರ್ಸ್ ಡಿಎನ್‌ಎಸ್ ಎಂದು ಅದರ ಕಟ್ಟಳೆಗಳೇ ಬೇರೆ, ಎಲ್ಲ ಸರಿ ಮಾಡಿದರೂ ನಿಮ್ಮ ಪತ್ರ ಬೇರೆಯವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತಿರುತ್ತದೆ.

ಪೆಟ್ಟಿಗೆ ಎಲ್ಲಿಡುವುದು

ನಗರದವರು ಬರೆದ ಯಾವ ಕೈಪಿಡಿಯೂ ಈ ಪ್ರಶ್ನೆಯನ್ನು ನಮಗೆ ಬೇಕಾದಷ್ಟು ಚರ್ಚಿಸುವುದಿಲ್ಲ. ಮಲೆನಾಡಿನಲ್ಲಿ ಅದೇ ಮೊದಲ ಪ್ರಶ್ನೆ.

ಕರೆಂಟಿನ ಲೆಕ್ಕ ಹೆದರುವಷ್ಟೇನಿಲ್ಲ. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ 5 ವಾಟ್ ತಿಂದರೆ ತಿಂಗಳಿಗೆ 3.6 ಯೂನಿಟ್. ಹಳೆಯ ಲ್ಯಾಪ್‌ಟಾಪ್ 15 ವಾಟ್ ಎಂದಿಟ್ಟುಕೊಂಡರೆ 10.8 ಯೂನಿಟ್. ಆದರೂ ನನ್ನ ಓಟು ಹಳೆಯ ಲ್ಯಾಪ್‌ಟಾಪಿಗೆ. ಅದರಲ್ಲಿ ಬ್ಯಾಟರಿ ಇದೆ, ಅಂದರೆ ಕರೆಂಟ್ ಹೋದಾಗ ತಾನೇ ಯುಪಿಎಸ್ ಆಗುತ್ತದೆ, ಅದಕ್ಕೆ ಬೇರೆ ದುಡ್ಡು ಬೇಡ. ಪುಟ್ಟ ಕಂಪ್ಯೂಟರಿನ ಮೆಮೊರಿ ಕಾರ್ಡ್ ಹತ್ತು ಸಲ ಕರೆಂಟ್ ಹೋಗಿ ಬಂದರೆ ಕೆಡುವ ಸಂಭವ ಜಾಸ್ತಿ. ಅದನ್ನೇ ಬಳಸುವುದಾದರೆ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ. ಲ್ಯಾಪ್‌ಟಾಪಿಗೂ ಒಂದು ಎಚ್ಚರಿಕೆ ಇದೆ. ವರ್ಷಗಟ್ಟಲೆ ಪೂರ್ತಿ ಚಾರ್ಜಿನಲ್ಲಿಟ್ಟರೆ ಬ್ಯಾಟರಿ ಉಬ್ಬಬಹುದು. ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಅನೇಕ ಮಾದರಿಗಳಲ್ಲಿದೆ, ಅದನ್ನು ಹಚ್ಚಿಡಿ. ಮುಚ್ಚಳ ಮುಚ್ಚಿದರೂ ನಿದ್ದೆಗೆ ಹೋಗದಂತೆ ಹೊಂದಿಸುವುದನ್ನೂ ಬಿಡಬೇಡಿ.

ಸಿಡಿಲಿನದು ಬೇರೆಯೇ ಅಧ್ಯಾಯ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರಿನ ಹಿಂಗಾರು. ಇವುಗಳಲ್ಲಿ ಎಷ್ಟು ಮನೆಯ ಮೋಡೆಮ್ ಸುಟ್ಟಿದೆ ಎಂದು ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ತಾಮ್ರದ ಟೆಲಿಫೋನ್ ತಂತಿ ಹೋಗಿ ಫೈಬರ್ ಬಂದ ಮೇಲೆ ಒಂದು ದಾರಿ ಮುಚ್ಚಿತು, ಏಕೆಂದರೆ ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಅಡಾಪ್ಟರ್ ಮೂಲಕ ಬರುವ ದಾರಿ ಇದ್ದೇ ಇದೆ. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ, ಅರ್ತಿಂಗ್ ಹೊಂಡಕ್ಕೆ ಬೇಸಿಗೆಯಲ್ಲಿ ನೀರು ಹಾಕಿ. ರೂಟರಿನಿಂದ ಲ್ಯಾಪ್‌ಟಾಪಿಗೆ ತಾಮ್ರದ ಕೇಬಲ್ ಎಳೆಯುವ ಬದಲು ವೈಫೈಯಲ್ಲೇ ಜೋಡಿಸಿದರೆ ರೂಟರ್ ಸುಟ್ಟರೂ ಲ್ಯಾಪ್‌ಟಾಪ್ ಉಳಿಯುವ ಆಸೆ ಇಟ್ಟುಕೊಳ್ಳಬಹುದು. ಆಕಾಶ ಕಪ್ಪಾದಾಗ ಪ್ಲಗ್ ಕೀಳುವ ನಮ್ಮ ಹಳೆಯ ಅಭ್ಯಾಸಕ್ಕಿಂತ ಒಳ್ಳೆಯ ರಕ್ಷಣೆ ಇನ್ನೂ ಬಂದಿಲ್ಲ; ಲ್ಯಾಪ್‌ಟಾಪಿನ ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದೆ.

ಇನ್ನು ಹೊರಗಿನವರು ಈ ಪೆಟ್ಟಿಗೆಯನ್ನು ತಲುಪುವುದು ಹೇಗೆ? ಮೊಬೈಲ್ ಇಂಟರ್‌ನೆಟ್ಟಿನಲ್ಲಿ, ಅನೇಕ ಫೈಬರ್ ಸಂಪರ್ಕಗಳಲ್ಲೂ, ನಿಮ್ಮ ಮನೆಗೆಂದೇ ಒಂದು ಸಾರ್ವಜನಿಕ ಐಪಿ ವಿಳಾಸ ಕೊಡುವುದಿಲ್ಲ. ನೂರಾರು ಮನೆಗೆ ಒಂದೇ ವಿಳಾಸ, ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಬಾಗಿಲು ತಟ್ಟಲಾಗದು. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ. ಪ್ರತಿಯೊಬ್ಬರ ಫೋನಿನಲ್ಲೂ ಒಂದು ಆ್ಯಪ್ ಹಾಕಿ ಆನ್ ಇಟ್ಟರೆ ಎಲ್ಲರೂ ಒಂದೇ ಮನೆಯ ವೈಫೈಯಲ್ಲಿ ಇದ್ದಂತೆ. ಸಣ್ಣ ಗುಂಪಿಗೆ ಉಚಿತ, ಭದ್ರತೆಯೂ ಚೆನ್ನಾಗಿದೆ. ಆದರೆ ಫೋನಿನ ಬ್ಯಾಟರಿ ಉಳಿಸಲು ಯಾರೋ ಅದನ್ನು ಆಫ್ ಮಾಡುತ್ತಾರೆ, ಆಮೇಲೆ "ಕ್ಯಾಲೆಂಡರ್ ಬರ್ತಾ ಇಲ್ಲ ಮಾರಾಯ" ಎಂಬ ಫೋನ್ ಬರುತ್ತದೆ. ಎರಡನೆಯದು ಕ್ಲೌಡ್‌ಫ್ಲೇರ್ ಸುರಂಗ. ಫೋನಿನಲ್ಲಿ ಏನೂ ಹಾಕಬೇಕಿಲ್ಲ, ಒಂದು ಡೊಮೈನ್ ಹೆಸರು ಕೊಂಡರೆ ಸಾಕು. ಆದರೆ ದತ್ತಾಂಶವೆಲ್ಲ ಅವರ ಯಂತ್ರದ ಮೂಲಕ ಹಾದುಹೋಗುತ್ತದೆ. ಅಷ್ಟರ ಮೇಲೆ ನಮ್ಮದೇ ಎಂಬ ಮಾತಿಗೆ ತೂಕ ಎಷ್ಟು ಉಳಿಯಿತು ಎಂದು ನೀವೇ ಅಳೆಯಿರಿ.

ಮೂರನೆಯದು ಬಾಡಿಗೆ ಸರ್ವರ್. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ದತ್ತಾಂಶ ಕೇಂದ್ರದಲ್ಲಿ ತಿಂಗಳಿಗೆ ಸುಮಾರು 400ರಿಂದ 600 ರೂಪಾಯಿಗೆ ಪುಟ್ಟದೊಂದು ಸಿಗುತ್ತದೆ. ಸಿಡಿಲಿಲ್ಲ, ಕರೆಂಟ್ ಚಿಂತೆಯಿಲ್ಲ, ಸ್ವಂತ ಐಪಿ ವಿಳಾಸವಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಭದ್ರತಾ ಪ್ರಮಾಣಪತ್ರ ಹಾಕಿಸಿಕೊಳ್ಳಬಹುದು; ಅದರ ಆಯುಷ್ಯ 90 ದಿನ, ತಾನೇ ನವೀಕರಣವಾಗುವಂತೆ ಹೊಂದಿಸಬೇಕು. ಯಂತ್ರ ಊರಲ್ಲಿಲ್ಲ ಎಂಬುದು ನಿಜ. ಆದರೆ ಖಾತೆ, ಕೀಲಿಕೈ, ದತ್ತಾಂಶ ಎಲ್ಲ ಸಂಘದ ಕೈಯಲ್ಲೇ ಇರುತ್ತದೆ. ಹತ್ತು ಮನೆ ಹಂಚಿಕೊಂಡರೆ ತಿಂಗಳಿಗೆ ತಲಾ ನಲವತ್ತರಿಂದ ಅರವತ್ತು ರೂಪಾಯಿ. ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವ ಸಂತೋಷ ದೊಡ್ಡದೇ, ಒಪ್ಪುತ್ತೇನೆ. ಆದರೂ ಹತ್ತು ಮನೆಯ ಕೆಲಸ ಅದರ ಮೇಲೆ ನಿಂತಿದ್ದರೆ ಬಾಡಿಗೆ ಸರ್ವರೇ ವಾಸಿ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಮನೆಯ ಲ್ಯಾಪ್‌ಟಾಪ್ ದಿನಕ್ಕೊಮ್ಮೆ ಅದರ ನಕಲು ಇಳಿಸಿಕೊಳ್ಳಲಿ.

ಮೊಬೈಲಿನ ಕಡೆ

ನನಗೆ ನಿಜಕ್ಕೂ ಹಿಡಿಸಿದ ಗುಣ ಇಲ್ಲಿದೆ. ಕ್ಯಾಲ್‌ಡಾವ್‌ನಲ್ಲಿ ಪ್ರತಿ ಫೋನೂ ಕ್ಯಾಲೆಂಡರಿನ ಸ್ವಂತ ನಕಲನ್ನು ಇಟ್ಟುಕೊಳ್ಳುತ್ತದೆ. ಟವರ್ ಸಿಗದ ತೋಟದ ತಗ್ಗಿನಲ್ಲಿ, ಭದ್ರಾ ಹಿನ್ನೀರಿನ ಆಚೆ ದಂಡೆಯಲ್ಲಿ, ನಾಳೆ ಯಾರ ಸರದಿ ಎಂದು ತೆರೆದು ನೋಡಬಹುದು, ಹೊಸದನ್ನು ಬರೆಯಲೂಬಹುದು. ನೆಟ್‌ವರ್ಕ್ ಸಿಕ್ಕಾಗ ತಾನೇ ಹೋಗಿ ಸೇರುತ್ತದೆ. ವೆಬ್ ಪುಟ ತೆರೆದೇ ನೋಡಬೇಕಾದ ಯಾವ ವ್ಯವಸ್ಥೆಯೂ ನಮ್ಮ ಕಡೆ ಒಂದು ಮಳೆಗಾಲ ಬಾಳುವುದಿಲ್ಲ.

ಐಫೋನಿನಲ್ಲಿ ಕ್ಯಾಲ್‌ಡಾವ್ ಒಳಗೇ ಅಡಕವಾಗಿದೆ. ಸೆಟ್ಟಿಂಗಿನಲ್ಲಿ ಕ್ಯಾಲೆಂಡರ್ ಖಾತೆ ಸೇರಿಸುವಾಗ "ಇತರೆ" ಆರಿಸಿ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಆಂಡ್ರಾಯ್ಡಿನಲ್ಲಿ ಇಲ್ಲ. ಅದಕ್ಕೆ ಡಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ಪ್ಲೇ ಸ್ಟೋರಿನಲ್ಲಿ ದುಡ್ಡು ಕೊಡಬೇಕು, ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಅಂಗಡಿಯಲ್ಲಿ ಅದೇ ಆ್ಯಪ್ ಉಚಿತ. ಇದು ತೆರೆಯ ಹಿಂದೆ ಕ್ಯಾಲೆಂಡರನ್ನು ತಂದು ಹಾಕುವ ಆಳು ಮಾತ್ರ; ನೋಡಲು ಫೋನಿನಲ್ಲಿರುವ ಗೂಗಲ್ ಕ್ಯಾಲೆಂಡರ್ ಆ್ಯಪನ್ನೇ ಬಳಸಬಹುದು, ಬೇಡವಾದರೆ ಎಟಾರ್ ಅಥವಾ ಫಾಸಿಫೈ ಹಾಕಿಕೊಳ್ಳಬಹುದು. ವಯಸ್ಸಾದವರಿಗೆ ಈ ಎರಡು ಆ್ಯಪುಗಳ ಸಂಬಂಧ ಹೇಳಿ ಮನವರಿಕೆ ಮಾಡುವುದು ಸುಲಭವಲ್ಲ. "ಕ್ಯಾಲೆಂಡರ್ ನೋಡೋಕೆ ಇದು, ಇನ್ನೊಂದನ್ನ ಮುಟ್ಬೇಡಿ ದೊಡ್ಡಪ್ಪ" ಎಂದು ಹೇಳಿ ಎರಡನೆಯದನ್ನು ಪರದೆಯ ಮೂಲೆಗೆ ಸರಿಸಿಬಿಡಿ.

ನಮ್ಮಲ್ಲಿ ಹೆಚ್ಚು ಓಡುವ ಶಿಯೋಮಿ, ವಿವೋ, ಒಪ್ಪೋ ಫೋನುಗಳು ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪನ್ನು ಬ್ಯಾಟರಿ ಉಳಿಸಲೆಂದು ಕೊಂದುಬಿಡುತ್ತವೆ. ಡಾವ್‌ಎಕ್ಸ್5ಗೆ ಬ್ಯಾಟರಿ ನಿರ್ಬಂಧ ತೆಗೆದು, ತಾನಾಗಿ ಶುರುವಾಗುವ ಅನುಮತಿಯನ್ನೂ ಕೊಡಿ. "ನನ್ನ ಫೋನಿಗೆ ಮಾತ್ರ ಬರಲ್ಲ" ಎನ್ನುವ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದೇ. ಇನ್ನೊಂದು, ನೆನಪಿನ ಗಂಟೆ. ಒಬ್ಬರು ಬರೆದ ಕಾರ್ಯಕ್ರಮದ ಅಲಾರಂ ಎಲ್ಲರ ಫೋನಿನಲ್ಲೂ ಬಾರಿಸುತ್ತದೆ ಎಂದು ನಂಬಬೇಡಿ. ಡಾವ್‌ಎಕ್ಸ್5ರಲ್ಲೇ "ಇಷ್ಟು ಹೊತ್ತು ಮುಂಚೆ ನೆನಪಿಸು" ಎಂದು ಆಯಾ ಫೋನಿನಲ್ಲಿ ಹೊಂದಿಸಿಕೊಳ್ಳುವ ಅವಕಾಶವಿದೆ.

ಯಾರು ಬರೆಯಬೇಕು

1988ರಲ್ಲಿ ಜೊನಾಥನ್ ಗ್ರೂಡಿನ್ ಎಂಬ ಸಂಶೋಧಕ, ಗುಂಪಿನಲ್ಲಿ ಬಳಸುವ ತಂತ್ರಾಂಶಗಳು ಯಾಕೆ ಸೋಲುತ್ತವೆ ಎಂದು ಒಂದು ಪ್ರಬಂಧ ಬರೆದರು. ಅವರು ತೆಗೆದುಕೊಂಡ ಉದಾಹರಣೆಗಳಲ್ಲಿ ಕಚೇರಿಯ ಕ್ಯಾಲೆಂಡರ್ ಒಂದು. ಸಭೆ ಕರೆಯುವ ಮೇಲಧಿಕಾರಿಗೆ ಅದರಿಂದ ಲಾಭ. ಆದರೆ ದಿನಾ ಕೂತು ತಮ್ಮ ಬಿಡುವಿನ ಹೊತ್ತು ತುಂಬಿಸಬೇಕಾದವರು ಕೆಳಗಿನವರು, ಅವರಿಗೆ ಸಿಗುವುದು ಏನೂ ಇಲ್ಲ. ದುಡಿಯುವವನೊಬ್ಬ, ಉಣ್ಣುವವನೊಬ್ಬ ಆದಾಗ ವ್ಯವಸ್ಥೆ ನಿಲ್ಲುವುದಿಲ್ಲ.

ಕೊನೆಗಾರನ ಕೈಗೆ ಆ್ಯಪ್ ಕೊಟ್ಟು "ನೀನೇ ಬರೀತಾ ಹೋಗು" ಎಂದರೆ ಆಗುವುದು ಇದೇ. ಮರ ಹತ್ತಿ ಇಳಿದು ಬಂದವನಿಗೆ ಅದು ಮೇಲುಗೆಲಸ. ಸರದಿ ಬೇಕಾದ ತೋಟದವರು ಬರೆಯಲಿ, ಕೊನೆಗಾರನಿಗೆ ಓದಲು ಮಾತ್ರ ಬರಲಿ, ಜೊತೆಗೆ ತೋಟದವರು ಅವನಿಗೆ ಒಂದು ಮಾತು ಫೋನ್ ಮಾಡಿ ಹೇಳಲಿ. ಮಷಿನ್ ವಿಷಯದಲ್ಲೂ ಹಾಗೇ.

ಕ್ಯಾಲೆಂಡರನ್ನು ಮನೆಗೊಂದರಂತೆ ಮಾಡಬೇಡಿ, ವಸ್ತುವಿಗೊಂದರಂತೆ ಮಾಡಿ. ಸುಲಿಯುವ ಮಷಿನಿಗೆ ಒಂದು, ಕಾರ್ಬನ್ ಫೈಬರ್ ದೋಟಿಗೆ ಒಂದು, ಕೊನೆಗಾರನಿಗೆ ಒಂದು, ಸಂಘದ ಸಭೆಗಳಿಗೆ ಒಂದು. ಒಂದೊಂದಕ್ಕೂ ಬೇರೆ ಬಣ್ಣ. ಎರಡು ಮನೆಯವರು ಒಂದೇ ದಿನ ಬರೆದರೆ ಒಂದೇ ಬಣ್ಣದ ಎರಡು ಪಟ್ಟಿ ಪಕ್ಕಪಕ್ಕ ಕಾಣಿಸುತ್ತದೆ, ಜಗಳ ಹಿಂದಿನ ದಿನವೇ ಇತ್ಯರ್ಥ. ತಂತ್ರಾಂಶ ತಾನಾಗಿ ತಡೆಯುತ್ತದೆಯೇ ಎಂದರೆ, ಸಾಮಾನ್ಯ ಹಂಚಿಕೆ ಕ್ಯಾಲೆಂಡರ್ ತಡೆಯುವುದಿಲ್ಲ. ಒಂದು ವಸ್ತುವಿಗೆ ಒಮ್ಮೆಗೆ ಇಷ್ಟೇ ಬುಕಿಂಗ್ ಎಂದು ಮಿತಿ ಹಾಕುವ ಸೌಲಭ್ಯ ಸೋಗೋದಂಥ ದೊಡ್ಡ ವ್ಯವಸ್ಥೆಯಲ್ಲಿದೆ. ನೆಟ್‌ವರ್ಕ್ ಇಲ್ಲದಾಗ ಇಬ್ಬರು ಒಂದೇ ಕಾರ್ಯಕ್ರಮವನ್ನು ತಿದ್ದಿದರೆ ಡಾವ್‌ಎಕ್ಸ್5ರಲ್ಲಿ ಗೆಲ್ಲುವುದು ಸರ್ವರಿನಲ್ಲಿ ಮೊದಲು ಹೋಗಿ ಕೂತದ್ದು. ಎರಡನೆಯವರ ತಿದ್ದುಪಡಿ ಸದ್ದಿಲ್ಲದೆ ಮಾಯ. ಆದ್ದರಿಂದ ಬೇರೆಯವರು ಬರೆದದ್ದನ್ನು ತಿದ್ದುವುದು ಬೇಡ, ಫೋನ್ ಮಾಡಿ ಅವರಿಂದಲೇ ತಿದ್ದಿಸಿ ಎಂಬ ನಿಯಮ ಮೊದಲೇ ಇರಲಿ.

ಐಕ್ಯಾಲೆಂಡರಿನಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಸ್ಥಿತಿ ಇರುತ್ತದೆ: ಖಚಿತ, ತಾತ್ಕಾಲಿಕ, ರದ್ದು. ಕಚೇರಿಯವರು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಮಗೆ ಇದು ವರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನೇ ತೆಗೆದುಕೊಳ್ಳಿ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಎಂಬುದು ಲೆಕ್ಕ. ಆದರೆ ಎರಡನೆಯ ಔಷಧಿಗೆ ಮಳೆ ಹೊಳವು ಕೊಡಬೇಕು. ಹಾಗಾಗಿ ಮೊದಲ ಔಷಧಿ ಹೊಡೆದ ದಿನವೇ ಎರಡನೆಯದನ್ನು ತಾತ್ಕಾಲಿಕ ಎಂದು ಬರೆದಿಟ್ಟರೆ ಔಷಧಿ ಹೊಡೆಯುವವರಿಗೂ ಅಂದಾಜು ಸಿಗುತ್ತದೆ, ಮೈಲುತುತ್ತು ತರಿಸುವವರಿಗೂ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಮದುವೆ ಮನೆಯ ಊಟವೊಂದನ್ನು ಬಿಟ್ಟರೆ ಎಲ್ಲವೂ ತಾತ್ಕಾಲಿಕವೇ.

ತಿಥಿಗೆ ಉತ್ತರವಿಲ್ಲ

ಹೊಸ ಬಳಕೆದಾರನಾಗಿ ನನ್ನ ದೊಡ್ಡ ತಕರಾರು ಇದು. "ಪ್ರತಿ ತಿಂಗಳ ಎರಡನೇ ಶನಿವಾರ" ಎಂದು ಹೇಳಿದರೆ ಈ ತಂತ್ರಾಂಶಗಳಿಗೆ ಕೂಡಲೇ ಅರ್ಥವಾಗುತ್ತದೆ. "ಪ್ರತಿ ವರ್ಷ ಭಾದ್ರಪದ ಬಹುಳ ಪಂಚಮಿ" ಎಂದರೆ ಆಗುವುದಿಲ್ಲ. ಮನೆಯ ಶ್ರಾದ್ಧ, ದೇವಸ್ಥಾನದ ರಥೋತ್ಸವ, ಬಸದಿಯ ಪೂಜೆ, ಶೃಂಗೇರಿಯ ನವರಾತ್ರಿ ಯಾವುದೂ ಪುನರಾವರ್ತನೆಯ ಪಟ್ಟಿಯಲ್ಲಿ ಸಿಗದು. ನಮ್ಮ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬೇಕಾದಷ್ಟಿವೆ, ಅವರ ಈಸ್ಟರ್ ಕೂಡ ಈ ಲೆಕ್ಕಕ್ಕೆ ಸಿಗುವುದಿಲ್ಲ. ರಂಜಾನ್ ಚಂದ್ರನ ಮೇಲೆ ನಿಂತಿದೆ.

ಕಾರಣ ಇದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರಮಾನಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಬಾಕಿ ತೀರಿಸಲು ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ: 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ತಿಥಿಯ ಅಳತೆಯೂ ಸಮವಲ್ಲ, 19 ತಾಸಿನಿಂದ 26 ತಾಸಿನವರೆಗೆ ಹಿಗ್ಗಿ ಕುಗ್ಗುತ್ತದೆ. ಹಬ್ಬಕ್ಕೆ ಸೂರ್ಯೋದಯದ ತಿಥಿ ನೋಡಿದರೆ ಶ್ರಾದ್ಧಕ್ಕೆ ಅಪರಾಹ್ಣದ ತಿಥಿ. ಏಕಾದಶಿಯಂತೂ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಇನ್ನೊಂದು ದಿನ ಬೀಳುವುದುಂಟು. ಗ್ರೆಗೋರಿಯನ್ ಅಲ್ಲದ ಪಂಚಾಂಗಗಳಲ್ಲೂ ಪುನರಾವರ್ತನೆ ಬರೆಯಲು 2015ರಲ್ಲಿ ಐಕ್ಯಾಲೆಂಡರಿಗೆ ಒಂದು ಸೇರ್ಪಡೆ ಆಗಿದೆ. ಚೀನೀ, ಹೀಬ್ರೂ ಪಂಚಾಂಗಗಳಿಗೆ ಅದರಿಂದ ಉಪಯೋಗ. ಭಾರತದ್ದೆಂದು ಅದರಲ್ಲಿ ಸಿಗುವುದು ಸರ್ಕಾರದ ಶಕ ಪಂಚಾಂಗ, ಅದು ಸೌರಮಾನದ್ದು. ನಮ್ಮ ಮನೆಯ ಗೋಡೆಯದ್ದಲ್ಲ. ಆ ಸೇರ್ಪಡೆಯನ್ನು ಬೆಂಬಲಿಸುವ ಆ್ಯಪುಗಳೂ ವಿರಳ.

ಸದ್ಯಕ್ಕೆ ಇರುವ ಉಪಾಯ ಒಂದೇ. ಯುಗಾದಿಗೆ ಹೊಸ ಪಂಚಾಂಗ ಬಂದಾಗ, ಪಂಚಾಂಗ ನೋಡಲು ಬರುವ ಹಿರಿಯರೊಬ್ಬರ ಪಕ್ಕ ಕೂತು, ವರ್ಷದ ದಿನಗಳನ್ನು ಒಂದೇ ಸಲ ಕಂಪ್ಯೂಟರಿನಲ್ಲಿ ಬರೆದುಬಿಡುವುದು. ಸಂಘದ್ದೂ ಊರದ್ದೂ ಒಂದು ಕ್ಯಾಲೆಂಡರ್, ಮನೆಮನೆಯ ತಿಥಿಗಳು ಅವರವರ ಖಾಸಗಿ ಕ್ಯಾಲೆಂಡರ್. ಶ್ರಾದ್ಧದ ದಿನ ಕೆಲಸಕ್ಕೆ ಆಳು ಕರೆಯುವ ತಪ್ಪು ಇದರಿಂದ ತಪ್ಪುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿದ್ಧವಾಗಿ ಸಿಗುವ ಹಬ್ಬಗಳ ಕಡತಗಳನ್ನು ಹಾಕಿಕೊಳ್ಳಬಹುದು, ಆದರೆ ಹಲವು ಉತ್ತರ ಭಾರತದ ಪೂರ್ಣಿಮಾಂತ ಲೆಕ್ಕದವು. ಅಲ್ಲಿ ಕೃಷ್ಣಪಕ್ಷದ ಮಾಸದ ಹೆಸರು ನಮ್ಮದಕ್ಕಿಂತ ಒಂದು ಮುಂದಿರುತ್ತದೆ. ನೋಡಿಕೊಂಡು ಹಾಕಿ.

ಕನ್ನಡದಲ್ಲಿ ಬರೆಯುವುದಕ್ಕೆ ತೊಂದರೆಯಿಲ್ಲ. ಎಲ್ಲ ಯುನಿಕೋಡ್, ಫೋನಿನ ಕೀಲಿಮಣೆಯಲ್ಲಿ ಬರೆದದ್ದು ಹಾಗೇ ಎಲ್ಲರಿಗೂ ಕಾಣುತ್ತದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಸಭೆಯ ಸೂಚನೆಯನ್ನು ನಕಲು ಮಾಡಿ ಅಂಟಿಸಿದರೆ ಮಾತ್ರ ಕಲಸುಮೇಲೋಗರ. ಮೊದಲು ಯುನಿಕೋಡಿಗೆ ಪರಿವರ್ತಿಸಿ. ಐಸಿಎಸ್ ಕಡತವನ್ನು ಕೈಯಾರೆ ತಿದ್ದುವ ಉತ್ಸಾಹಿಗಳಿಗೆ ಒಂದು ಸೂಚನೆ: ಅದರಲ್ಲಿ ಒಂದು ಸಾಲು 75 ಬೈಟಿಗೆ ಮುರಿಯಬೇಕೆಂಬ ನಿಯಮವಿದೆ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಅಂದರೆ ಇಪ್ಪತ್ತೈದು ಚಿಹ್ನೆಗೆ ಸಾಲು ಮುಗಿಯಿತು. ಒತ್ತಕ್ಷರದ ನಡುವೆ ಮುರಿದ ಸಾಲು ಕಂಡರೆ ಗಾಬರಿಯಾಗಿ ಜೋಡಿಸಲು ಹೋಗಬೇಡಿ.

ಕೀಲಿಕೈ ಯಾರ ಹತ್ತಿರ

ಪಕ್ಕದ ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಬಸ್ಸಿನ ಚಾಲಕ, ನಿರ್ವಾಹಕರೇ ಸಂಸ್ಥೆಯ ಒಡೆಯರು. ಇಡೀ ಮಲೆನಾಡು ಆ ಬಸ್ಸುಗಳಲ್ಲಿ ಓಡಾಡಿತು. 2020ರಲ್ಲಿ ಅವು ನಿಂತವು. ನಮ್ಮದನ್ನು ನಾವೇ ನಡೆಸಿಕೊಳ್ಳುತ್ತೇವೆ ಎಂಬ ಛಲ ಈ ಸೀಮೆಗೆ ಹೊಸದಲ್ಲ, ಅದರ ಖರ್ಚು ಎಷ್ಟೆಂಬುದೂ ಹೊಸದಲ್ಲ. ಹತ್ತು ಮನೆಯ ಕ್ಯಾಲೆಂಡರ್ ಅಷ್ಟು ದೊಡ್ಡ ಸಾಹಸವೇನಲ್ಲ, ಆದರೂ ಶುರು ಮಾಡುವ ಮೊದಲೇ ಕೆಲವು ಸಂಗತಿ ಠರಾವು ಪುಸ್ತಕದಲ್ಲಿ ಬರೆದಿಡುವುದು ಲೇಸು.

ಡೊಮೈನ್ ಹೆಸರು, ಬಾಡಿಗೆ ಸರ್ವರ್ ಎರಡೂ ಸಂಘದ ಹೆಸರಿನ ಇಮೇಲಿನಲ್ಲಿರಲಿ, ಯಾರ ಸ್ವಂತದ್ದರಲ್ಲೂ ಬೇಡ. ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ರಸೀದಿ ಪುಸ್ತಕದ ಜೊತೆ ಬೀರುವಿನಲ್ಲಿಡಿ. ಹಾಗೆ ಬರೆದಿಡಬಾರದು ಎಂದು ಬೆಂಗಳೂರಿನ ತಜ್ಞರು ಗದರಬಹುದು. ನಮ್ಮ ಸಂಘಕ್ಕೆ ಇರುವ ಅಪಾಯ ರಷ್ಯಾದ ಹ್ಯಾಕರ್ ಅಲ್ಲ, ಸರ್ವರ್ ನೋಡಿಕೊಳ್ಳುತ್ತಿದ್ದು, ಕೆಲಸ ಸಿಕ್ಕಿ ಮಂಗಳೂರಿಗೆ ಹೋಗುವ ನಮ್ಮ ಹುಡುಗ. ಸರ್ವರ್ ಹೊಂದಿಸಿದ ಕ್ರಮವನ್ನೂ ಮೊದಲೇ ಅವನಿಂದ ಕನ್ನಡದಲ್ಲಿ ಒಂದು ಪುಟ ಬರೆಸಿಕೊಳ್ಳಿ. ಸದಸ್ಯರ ಹೆಸರು, ಫೋನ್ ಸಂಖ್ಯೆಗಳನ್ನು ಕಾರ್ಯಕ್ರಮದ ವಿವರದಲ್ಲಿ ಬರೆಯುವ ಚಾಳಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮನೆಯ ಬಳಕೆಗೆ ಇರುವ ವಿನಾಯಿತಿ ಸಂಘಕ್ಕೆ ಸಿಗುತ್ತದೆಂದು ಹೇಳಲಾಗದು.

ಬ್ಯಾಕಪ್ ಇದೆ ಎನ್ನುವುದಕ್ಕೂ ಅದು ಕೆಲಸ ಮಾಡುತ್ತದೆ ಎನ್ನುವುದಕ್ಕೂ ಅಂತರವಿದೆ. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಗೆ, ಇಳಿಸಿಟ್ಟ ನಕಲನ್ನು ಬೇರೆ ಕಂಪ್ಯೂಟರಿನ ಥಂಡರ್‌ಬರ್ಡಿನಲ್ಲಿ ತೆರೆದು ನೋಡಿ. ಅದೇ ಹೊತ್ತಿಗೆ ಮನೆಯ ಲ್ಯಾಪ್‌ಟಾಪಿನ ಬ್ಯಾಟರಿ, ಅರ್ತಿಂಗ್, ತಂತ್ರಾಂಶದ ಹೊಸ ಆವೃತ್ತಿ ಎಲ್ಲ ಮುಗಿಸಿಬಿಟ್ಟರೆ ಮಳೆಗಾಲದಲ್ಲಿ ಸರ್ವರಿನ ತಂಟೆಗೆ ಹೋಗಬೇಕಿಲ್ಲ.

ಸಾದಾ ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ ಈ ಇಡೀ ವ್ಯವಸ್ಥೆಯಲ್ಲಿ ಜಾಗವಿಲ್ಲ, ಕೊನೆಗಾರರಲ್ಲೂ ಔಷಧಿ ಹೊಡೆಯುವವರಲ್ಲೂ ಅಂಥವರು ಇದ್ದಾರೆ. ಅವರಿಗಾಗಿ ಪ್ರತಿ ಭಾನುವಾರ ಆ ವಾರದ ಪುಟವನ್ನು ಮುದ್ರಿಸಿ ಹಾಲಿನ ಡೈರಿಯ ಫಲಕಕ್ಕೆ ಅಂಟಿಸಬಹುದು. ನೆಕ್ಸ್ಟ್‌ಕ್ಲೌಡಿಗಿಂತ ಥಂಡರ್‌ಬರ್ಡಿನಿಂದ ಮುದ್ರಿಸಿದರೆ ಪುಟ ಅಚ್ಚುಕಟ್ಟಾಗಿ ಬರುತ್ತದೆ, ವಾರದ ನೋಟ ಆರಿಸಿ, ಕಾಗದವನ್ನು ಅಡ್ಡ ಇಡಿ.